ಬೆಕ್ಕಿನ ತಟ್ಟೆಯ ಬೂದಿ

ಗಂಗಾವತಿಯ ನನ್ನ ಖಾನಾವಳಿಗೆ ಲೈಸೆನ್ಸಿನ ತಪಾಸಣೆಗೆಂದು ಬಂದ ಇನ್‌ಸ್ಪೆಕ್ಟರ್, ಅಕ್ಕಿ ಚೀಲದ ಮೇಲೆ ಮಲಗಿದ್ದ ಬೆಕ್ಕನ್ನು ಕಂಡು ಮುಖ ಸಿಂಡರಿಸಿದ.

"ಬೆಕ್ಕು ಇದ್ದಲ್ಲಿ ಹೊಲಸು ಇದ್ದದ್ದ. ಇದನ್ನ ಹೊರಗ ಹಾಕ್ರಿ, ಇಲ್ಲಂದ್ರ ಲೈಸೆನ್ಸ್ ರದ್ದು."

ನನಗೆ ಮೈ ಉರಿಯಿತು. ಇಲಿಗಳಿಂದ ನನ್ನ ಅಕ್ಕಿ ಕಾಯುತ್ತಿದ್ದುದೇ ಆ ಬೆಕ್ಕು. ಅದರ ಮಲಮೂತ್ರಕ್ಕೆಂದೇ ಹಿತ್ತಲಲ್ಲಿ ತಗಡಿನ ತಟ್ಟೆಯಿಟ್ಟು, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ ತುಂಬುತ್ತಿದ್ದೆ. ಅದು ಕೂತೆದ್ದಾಗಲೆಲ್ಲ ಬೂದಿ ಚೆಲ್ಲಿ, ತಟ್ಟೆ ತೊಳೆದು, ಬಿಸಿಲಿಗೆ ಒಣಗಿಸಿ ಹೊಸ ಬೂದಿ ಹಾಕುತ್ತಿದ್ದೆ. ಇದನ್ನು ಹೇಳಹೋದರೆ, "ಹೆಣ್ಮಕ್ಕಳಿಗೆ ಆರೋಗ್ಯದ ವಿಷಯ ಏನ್ ತಿಳೀತೈತಿ ಬಿಡ್ರಿ" ಎನ್ನುತ್ತ ಆತ ಊಟಕ್ಕೆ ಕೂತ.

ಉಂಡೆದ್ದು ಹಿತ್ತಲಿಗೆ ಹೋದವನು ಬೂದಿಯಿಂದ ಕೈಯ ಜಿಡ್ಡು ತೊಳೆದು, ಹಲ್ಲನ್ನೂ ತಿಕ್ಕಿಕೊಂಡ. "ಬೂದಿ ಭಾಳ ಛಲೋ ಐತಿ, ಹಿಟ್ಟಿನಂಗ!"

"ಅದು ಬೆಕ್ಕಿನ ತಟ್ಟೀದರಿ, ಸಾಹೇಬ್ರ."

ಆತ ಥೂ ಥೂ ಎಂದು ಉಗುಳಿದ. "ಮೊದ್ಲ ಹೇಳಾಕ ಏನಾಗಿತ್ತು?"

"ಹೇಳಾಕ ಎಲ್ಲಿ ಬಿಟ್ರಿ? ಇಲ್ಲಿ ಹೊಲಸು ಐತಿ ಅಂತ ಈಗ ಬರೀರಿ. ಯಾವ ಬೂದೀಲೆ ಹಲ್ಲು ತಿಕ್ಕಿದ್ರಿ ಅನ್ನೂದನ್ನೂ ಬರೀರಿ."

ಎಲ್ಲ ಸರಿಯಿದೆಯೆಂದು ಬರೆದು ಸಹಿ ಹಾಕಿದ. ಆಮೇಲೆ ಎಷ್ಟು ಸಲ ತಪಾಸಣೆಗೆ ಬಂದರೂ ನಮ್ಮಲ್ಲಿ ಬಿಟ್ಟಿ ಊಟಕ್ಕೆ ಕೂರಲಿಲ್ಲ. ಬೆಕ್ಕಿನಿಂದ ನನಗೆ ಅದೂ ಒಂದು ಉಪಕಾರವೇ.