ಮೂರಡಿ ಬಿಡಿಸಿದ ಮೇಸ್ತ್ರಿ

ಸಿಮೆಂಟಿನಲ್ಲಿ ಕೈಯಾಡಿಸಿ ಆಡಿಸಿ ನಮ್ಮ ಮೇಸ್ತ್ರಿಯ ಬೆರಳುಗಳ ಗೆರೆಗಳೇ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮಷೀನು ಅವರ ಹೆಬ್ಬೆಟ್ಟನ್ನು ಎಂದೂ ಒಪ್ಪಿದ್ದಿಲ್ಲ. "ಅದ್ಕೆ ನಾನ್ಯಾರು ಅಂತ್ಲೇ ಗೊತ್ತಾಗಾಕಿಲ್ಲ" ಎಂದು ನಗುತ್ತಿದ್ದರು. ಶೆಟ್ಟಿಹಳ್ಳಿಯ ಜನಕ್ಕೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಅಲ್ಲಿನ ಅರ್ಧ ಗೋಡೆಗಳನ್ನು ಎಬ್ಬಿಸಿದ್ದು ಅವರೇ.

ಮಗಳಿಗೊಂದು ಕೋಣೆ ಸೇರಿಸಲು ಅವರನ್ನು ಕರೆದಾಗ, ಕಾಂಪೌಂಡಿನವರೆಗೂ ಗೋಡೆ ಎಳೆಯಿರಿ ಎಂದೆ. ಪಾಸಾದ ಪ್ಲಾನಿನಲ್ಲಿ ಪಕ್ಕಕ್ಕೆ ಮೂರಡಿ ಬಿಡಬೇಕೆಂದಿತ್ತು. ಆದರೆ ನಮ್ಮ ಬೀದಿಯಲ್ಲಿ ಆ ಮೂರಡಿಯನ್ನು ನುಂಗದವರು ಯಾರಿದ್ದರು? ನನಗೂ ಬಾಯಲ್ಲಿ ನೀರೂರಿತ್ತು.

ಮೇಸ್ತ್ರಿ ವಾದ ಮಾಡಲಿಲ್ಲ. ಅವರದೊಂದು ಪದ್ಧತಿ ಇತ್ತು. ಪಾಯ ತೋಡುವ ಮುನ್ನ ಗೋಡೆ ಏಳುವ ಜಾಗದಲ್ಲಿ ಎರಡು ಸರ್ವೆ ಮರದ ಕಂಬ ನೆಟ್ಟು, ಗೋಡೆಯಷ್ಟೇ ಎತ್ತರಕ್ಕೆ ಟಾರ್ಪಾಲು ಕಟ್ಟಿ, ಪಕ್ಕದ ಮನೆಗೆ ಹೋಗಿ ಕೂರುವುದು. ಅಂದು ನನ್ನನ್ನೂ ಎಳೆದುಕೊಂಡು ಹೋದರು. ಪಕ್ಕದ ಮನೆಯಾಕೆ ಸೀರೆಗೆ ಕುಚ್ಚು ಕಟ್ಟಿ ಜೀವನ ಮಾಡುವವರು. ಹಗಲು ಹನ್ನೊಂದಕ್ಕೆ ಕಿಟಕಿಯ ಬಳಿ ಕೂತು, ಸೂಜಿಯ ಕಣ್ಣು ಕಾಣದೆ, ಎದ್ದು ಲೈಟು ಹಾಕಿದರು. ನಮಗೆ ಕಾಫಿ ಕೊಟ್ಟು ಮತ್ತೆ ಕುಚ್ಚಿಗೆ ಕೂತರು.

ಹೊರಗೆ ಬಂದು ನಾನು ರೇಗಿದೆ: "ಎಲ್ರೂ ಕಟ್ಟಿಲ್ವೇನ್ರೀ? ನಾನೊಬ್ನೇ ಯಾಕ್ರೀ ಬಿಡ್ಬೇಕು?"

"ಪ್ಲಾನು ಆಫೀಸ್ನಾಗೆ ಪಾಸಾದ್ರೆ ಸಾಲ್ದು ಸಾರ್, ಪಕ್ಕದ್ಮನೇಲೂ ಪಾಸಾಗ್ಬೇಕು. ಇಲ್ಲಾಂದ್ರೆ ಬೇರೆಯೋರ್ನ ನೋಡ್ಕಳಿ" ಎಂದು ಮೇಸ್ತ್ರಿ ಕರಣೆಯನ್ನು ಚೀಲಕ್ಕೆ ಹಾಕಿಕೊಂಡರು.

ಅವರ ಕೈಕೆಲಸ ಬಿಡಲು ನನಗೆ ಮನಸ್ಸಾಗಲಿಲ್ಲ; ಗೊಣಗುತ್ತಲೇ ಒಪ್ಪಿದೆ. ಅವರು ಸೀದಾ ಹೋಗಿ ಪಕ್ಕದಾಕೆಗೆ, "ಓನರ್ರು ನಿಮ್ ಬೆಳ್ಕಿಗೆ ಅಂತ ಮೂರಡಿ ಬಿಡ್ತಾವ್ರೆ ಕಣಮ್ಮ" ಎಂದರು. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ಆಮೇಲೆ ಬೀದಿಯವರು ಹೊಗಳಿದಾಗಲೂ ಸುಮ್ಮನಿದ್ದೆ. ತಮ್ಮ ಎದುರಿಗೇ ನನ್ನನ್ನು ಹೊಗಳಿದರೂ ಮೇಸ್ತ್ರಿ ಬೀಡಿ ಹಚ್ಚಿ ಅತ್ತ ತಿರುಗುತ್ತಿದ್ದರು.

ಮಗಳ ಕೋಣೆ ಚಿಕ್ಕದಾಯಿತು. ಮಂಚ, ಮೇಜು ಹಾಕಿದರೆ ಮುಗಿಯಿತು. ಆದರೆ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಲೈಟು ಹಾಕದ ಮನೆಗಳೆಂದರೆ ಇವೆರಡೇ. ಇದು ಮೇಸ್ತ್ರಿ ಕಟ್ಟಿದ ಕೋಣೆ ಎಂದು ಹೇಳುವಾಗ ನನಗೆ ಇಂದಿಗೂ ಎದೆ ಉಬ್ಬುತ್ತದೆ.

ಕಳೆದ ವರ್ಷ ಮೇಸ್ತ್ರಿ ತೀರಿಕೊಂಡರು. ಮಣ್ಣು ಮಾಡಿ ಬಂದ ಮರುದಿನ ಪಕ್ಕದಾಕೆಗೆ ನಿಜ ಹೇಳಿದೆ: "ಮೂರಡಿ ಬಿಟ್ಟಿದ್ದು ನಾನಲ್ಲಮ್ಮ. ಅವ್ರು ಬಿಡಿಸಿದ್ದು."

ಆಕೆ ಕುಚ್ಚಿನಿಂದ ಕಣ್ಣೆತ್ತಲಿಲ್ಲ.

"ಗೊತ್ತು ಸಾರ್. ಅವತ್ತು ನೀವು ರೇಗಿದ್ದೆಲ್ಲ ನನಗೆ ಕೇಳಿಸ್ತಿತ್ತು. 'ಓನರ್ರು ತಾವಾಗೇ ಹೇಳೋವರ್ಗೂ ಏನೂ ಅನ್ಬೇಡ ಕಣಮ್ಮ' ಅಂದಿದ್ರು ಮೇಸ್ತ್ರಿ."