ರಾಗಿ ಚೀಲದಲ್ಲಿ ರೇಸ್ ಕಾರಿನ ಅಳತೆ

ಗುರುವಾರ, ಬೆಳಗಿನ ಐದೂಕಾಲು. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ನರಸಿಂಹಮೂರ್ತಿಯವರ ಎರಡು ಹಸುಗಳ ಹಾಲು ಕರೆದಾಗಿದೆ, ಮೂರನೆಯದು ಕಾಯುತ್ತಿದೆ. ಅದಕ್ಕೂ ಮುಂಚೆ ಹಾಲು ಕರೆಯುವ ಮೆಷಿನ್ನಿನ ಪಂಪಿಗೆ ಬೇರೊಂದು ಕೆಲಸವಿದೆ. ಅಂಗಳದಲ್ಲಿ ಪ್ಲೈವುಡ್ಡಿನ ಉದ್ದನೆಯ ಪೆಟ್ಟಿಗೆ. ಅದರೊಳಗೆ ರಬ್ಬರ್ ಚೀಲ, ಚೀಲದ ತುಂಬ ಹದಿನಾರು ಕೆ.ಜಿ. ರಾಗಿ. ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು, ಕಾಲು ಚಾಚಿ, ಅರ್ಧ ಮಲಗಿದಂತೆ ಕೂತಿದ್ದಾಳೆ ರೇಸ್ ಚಾಲಕಿ ಲಾವಣ್ಯ. ನಲವತ್ಮೂರರ ತನುಜ ಪೆಟ್ಟಿಗೆಯ ಸುತ್ತ ತಿರುಗುತ್ತಲೇ ಇದ್ದಾರೆ. ಹುಡುಗಿಯ ಭುಜ ಒತ್ತುತ್ತಾರೆ, ಮೊಣಕಾಲಿನ ಕೆಳಗೆ ಕೈ ತೂರಿಸುತ್ತಾರೆ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಮತ್ತೆ ಬರುತ್ತಾರೆ.

“ತ್ವರಗಾ ಮಾಡಮ್ಮ, ಡೈರಿಗೆ ಹೊತ್ತಾಗ್ತದೆ,” ಎನ್ನುತ್ತಾರೆ ಪಕ್ಕದ ಮನೆಯ ನರಸಿಂಹಮೂರ್ತಿ.

ಪಂಪು ಓಡುತ್ತದೆ. ಚೀಲದೊಳಗಿನ ಗಾಳಿ ಹೋದಂತೆ ರಾಗಿ ಬಿಗಿದು ಕಲ್ಲಾಗುತ್ತದೆ. ಲಾವಣ್ಯ ಎದ್ದು ಬಂದರೂ ಅವಳ ಬೆನ್ನು, ಸೊಂಟ, ತೊಡೆಯ ಅಚ್ಚು ಅಲ್ಲೇ ಉಳಿಯುತ್ತದೆ. ತನುಜ ಚೀಲದ ಕೊಳವೆಗೆ ಕ್ಲಿಪ್ ಹಾಕಿ, ಅದು ಬಿಗಿಯಾಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡುತ್ತಾರೆ. ಈ ಅಚ್ಚಿನ ಮೇಲೆ ಫೈಬರ್ ಹಾಕಿದರೆ ರೇಸ್ ಕಾರಿನ ಸೀಟು ತಯಾರು. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಸ್ಕ್ಯಾನರ್ ಇರುತ್ತದೆಯಂತೆ. ಇಲ್ಲಿ ರಾಗಿ ಇದೆ. “ಭತ್ತ ಚುಚ್ತದೆ, ಅವರೆಕಾಳು ಗುಳಿ ಬಿಡ್ತದೆ. ರಾಗಿ ಸಂದೇ ಬಿಡಲ್ಲ,” ಎನ್ನುವ ತನುಜ ಎಲ್ಲವನ್ನೂ ಮಾಡಿ ನೋಡಿದವರು.

ಅವರಪ್ಪ ಕೋನಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳ ರಿಪೇರಿ ಮಾಡುತ್ತಿದ್ದರು. ಹತ್ತು ವರ್ಷದ ಮಗಳು ಯಂತ್ರದ ಮೇಲೆ ಅಂಗೈ ಇಟ್ಟು ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದಳು. ಕೋನಪ್ಪ ಯಂತ್ರ ಮುಗಿಸಿ ಸುಮ್ಮನೆ ಹೊರಡುತ್ತಿರಲಿಲ್ಲ. ಬೆನ್ನು ನೋವೆಂದು ಒದ್ದಾಡುವ ಹೆಂಗಸರನ್ನು ಒಬ್ಬೊಬ್ಬರಾಗಿ ಕೂರಿಸಿ, ಅವರವರ ಎತ್ತರಕ್ಕೆ ಸ್ಟೂಲಿನ ಕಾಲು ಕತ್ತರಿಸಿ ಕೊಡುತ್ತಿದ್ದರು. ತನುಜ ಚಿಂತಾಮಣಿಯಲ್ಲಿ ಡಿಪ್ಲೊಮಾ ಓದಿ, ಗೌರಿಬಿದನೂರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಐದು ವರ್ಷ ನಕ್ಷೆ ಬರೆದು, ಮೋಹನ್‌ಬಾಬು ಅವರ ಶೆಡ್ಡಿಗೆ ಬಂದು ಹದಿನೇಳು ವರ್ಷವಾಯಿತು.

ಚಿಕ್ಕಬಳ್ಳಾಪುರದ ಹೊರಗೆ, ಹೆದ್ದಾರಿ ಪಕ್ಕದಲ್ಲಿದೆ ಆ ಶೆಡ್ಡು. ಒಬ್ಬರೇ ಕೂರುವ ರೇಸ್ ಕಾರುಗಳು ಅಲ್ಲಿ ತಯಾರಾಗುತ್ತವೆ. ಒಂದು ಕಾರಿಗೆ ಇನ್ನೂರ ಹತ್ತು ನಕ್ಷೆ, ಒಬ್ಬ ಚಾಲಕರಿಗೆ ಹದಿನಾಲ್ಕು ಅಳತೆ. ತನುಜ ನಾಲ್ಕೂವರೆಗೆ ಏಳುತ್ತಾರೆ, ಏಳು ಗಂಟೆಯ ಬಸ್ಸು ಹಿಡಿಯುತ್ತಾರೆ. ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ಕೂರುವುದಿಲ್ಲ. ಶೆಡ್ಡಿನಲ್ಲಿ ನಿಂತೇ ಊಟ ಮುಗಿಸುತ್ತಾರೆ. ಇವರನ್ನು ಕೂರಿಸುವುದಕ್ಕೆ ಒಂದು ಸೀಟು ಕಂಡುಹಿಡಿಯಬೇಕು ಎಂದು ವೆಲ್ಡಿಂಗ್ ಮಾಡುವ ಮುನೇಶ್ ಆಗಾಗ ಕಿಚಾಯಿಸುತ್ತಾರೆ. ಈವರೆಗೆ ಹೊರಬಂದ ಐದು ಕಾರುಗಳ ವಿನ್ಯಾಸ ಹೊರಗಿನವರದು, ಅದರ ತಪ್ಪು ತಿದ್ದಿದ್ದು ತನುಜ. ಆರನೆಯದು ಮೊದಲ ಗೆರೆಯಿಂದ ಕೊನೆಯ ಬೋಲ್ಟಿನವರೆಗೂ ಅವರದ್ದೇ.

ಆ ಕಾರು ಈಗ ಏಳು ಸೆಕೆಂಡಿನ ಮೇಲೆ ನಿಂತಿದೆ. ಬೆಲ್ಟು ಬಿಗಿದು ಕೂತ ಚಾಲಕರು, ಸೀಟಿ ಊದಿದ ಮೇಲೆ ಏಳು ಸೆಕೆಂಡಿನೊಳಗೆ ಕಾರಿನಿಂದ ಆಚೆ ಬರಬೇಕು. ಬೆಂಕಿ ಹತ್ತಿದರೆ ಅಷ್ಟೇ ಸಮಯ ಸಿಗುವುದು. ಹೋದ ವರ್ಷ ರೇಸಿಗೆ ಮುಂಚಿನ ತಪಾಸಣೆಯಲ್ಲಿ ಐದನೇ ಕಾರಿನಿಂದ ಬರಲು ಲಾವಣ್ಯ ಒಂಬತ್ತು ಸೆಕೆಂಡ್ ತೆಗೆದುಕೊಂಡಳು. ಆ ಸೀಟು ಆರಡಿ ಗಂಡಸಿನ ಅಳತೆಯದು. ಐದಡಿಯ ಇವಳಿಗೆ ಪೆಡಲ್ ಎಟುಕಲೆಂದು ಬೆನ್ನ ಹಿಂದೆ ಸ್ಪಂಜು ತುರುಕಿದ್ದರು, ಅದು ಜಾರಿ ಬೆಲ್ಟಿಗೆ ಸಿಕ್ಕಿಕೊಂಡಿತು. ಕಾರು ಟ್ರ್ಯಾಕಿಗೆ ಇಳಿಯದೆ ವಾಪಸಾಯಿತು. ಈ ಶನಿವಾರದ ತಪಾಸಣೆಯಲ್ಲೂ ಹಾಗಾದರೆ ಮತ್ತೆ ಹೊರಗಿನ ವಿನ್ಯಾಸವನ್ನೇ ತರಿಸುತ್ತೇನೆಂದು ಮೋಹನ್‌ಬಾಬು ಹೇಳಿಯಾಗಿದೆ. ಆಗ ತನುಜ ಬೇರೆಯವರ ತಪ್ಪು ತಿದ್ದುವ ಹಳೆಯ ಮೇಜಿಗೇ ಮರಳಬೇಕು.

ಹಾಗೆ ನೋಡಿದರೆ ಸೀಟು ಈ ವೇಳೆಗೆ ಮುಗಿದಿರಬೇಕಿತ್ತು. ಸೋಮವಾರವೇ ಲಾವಣ್ಯ ಚಿಂತಾಮಣಿಯಿಂದ ಬಂದು ಅಚ್ಚು ಕೊಟ್ಟು ಹೋಗಿದ್ದಳು. ತನುಜ ಚೀಲವನ್ನು ಪಡಸಾಲೆಯಲ್ಲಿಟ್ಟು, ಫೈಬರ್ ತರಲು ಬೆಂಗಳೂರಿಗೆ ಹೋದರು. ಬುಧವಾರ ಸಂಜೆ ಬಂದು ನೋಡಿದರೆ ಚೀಲ ತಂತಿಯ ಮೇಲೆ ಒಣಗುತ್ತಿತ್ತು. ತಾಯಿ ಅಕ್ಕಯಮ್ಮ ಕ್ಲಿಪ್ ಬಿಚ್ಚಿ, ರಾಗಿ ಸುರಿದು, ಕೇರಿ, ಮಿಲ್ಲಿಗೆ ಹಾಕಿಸಿ ತಂದಿದ್ದರು. ಹಿಟ್ಟು ಡಬ್ಬದಲ್ಲಿ ಬೆಚ್ಚಗಿತ್ತು.

“ರಬ್ಬರಲ್ಲಿ ಕಟ್ಟಿಟ್ರೆ ರಾಗಿ ಮುಗ್ಗಲು ಬರಲ್ವೇನೇ? ನಂಗೇನ್ ಗೊತ್ತು ಅದು ಕಾರು ಅಂತ,” ಎಂದರು ಅಕ್ಕಯಮ್ಮ.

ತನುಜ ಜಗಳವಾಡಲಿಲ್ಲ. ಆ ರಾತ್ರಿ ಊಟ ಮಾಡಲೂ ಇಲ್ಲ. ಲಾವಣ್ಯಳಿಗೆ ಫೋನ್ ಮಾಡಿ, ಮನೆಯಲ್ಲಿ ಉಳಿದಿದ್ದ ರಾಗಿಗೆ ಪಕ್ಕದ ಮನೆಯದನ್ನೂ ಸೇರಿಸಿ ಚೀಲ ತುಂಬಿಸಿಟ್ಟರು. ಅದಕ್ಕೇ ಈ ಗುರುವಾರದ ಬೆಳಗು.

ಅಚ್ಚು ಮುಗಿದ ಮೇಲೆ ಲಾವಣ್ಯಳನ್ನು ಅಕ್ಕಯಮ್ಮ ಹಾಗೆಯೇ ಕಳಿಸುವುದಿಲ್ಲ. ಬೇಗ ಬಂದವಳು ಹಸಿದಿದ್ದಾಳೆಂದು ಬಿಸಿ ಮುದ್ದೆ, ಬಸ್ಸಾರು ಇಡುತ್ತಾರೆ. ಮಾಡಿದ ತಪ್ಪಿಗೆ ಅದೇ ಅವರ ಕ್ಷಮಾಪಣೆ. ಮೊದಲೇ ಬಡಿಸಲು ಬಂದಿದ್ದರು, ಹೊಟ್ಟೆ ತುಂಬಿದರೆ ಅಳತೆ ಕೆಡುತ್ತದೆಂದು ತನುಜ ತಡೆದಿದ್ದರು.

“ಉಣ್ಣಮ್ಮ,” ತನುಜ ಬಾಗಿಲಲ್ಲಿ ನಿಂತೇ ಹೇಳುತ್ತಾರೆ. “ಸೋಮವಾರದ ನಿನ್ ಸೀಟೇ ಅದು.”

ಲಾವಣ್ಯ ನಕ್ಕು ಎರಡನೇ ಮುದ್ದೆ ಕೇಳುತ್ತಾಳೆ. ತನುಜ ನಗುವುದಿಲ್ಲ, ಕ್ಲಿಪ್ ಮುಟ್ಟಿ ನೋಡಲು ಮತ್ತೆ ಅಂಗಳಕ್ಕೆ ಹೋಗುತ್ತಾರೆ.

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ತಪಾಸಣೆಯವರು ಶೆಡ್ಡಿಗೆ ಬಂದಿದ್ದಾರೆ. ಹಿಂದಿನ ರಾತ್ರಿಯಷ್ಟೇ ಒಣಗಿದ ಸೀಟಿನಲ್ಲಿ ಲಾವಣ್ಯಳಿಗೆ ಬೆಲ್ಟು ಬಿಗಿದಾಗಿದೆ. ಬ್ರೇಕು, ಸ್ಟೀರಿಂಗು, ತೂಕ ಎಲ್ಲ ನೋಡುವಷ್ಟರಲ್ಲಿ ನಲವತ್ತು ನಿಮಿಷ. ಎಂಜಿನ್ ನಡುಗುತ್ತಿದೆ, ಅವಳು ಕೂತೇ ಇದ್ದಾಳೆ. ತನುಜ ಗೋಡೆಯಿಂದ ಬಾಗಿಲಿಗೆ, ಬಾಗಿಲಿನಿಂದ ಗೋಡೆಗೆ ನಡೆಯುತ್ತಿದ್ದಾರೆ. ಅವರ ಕೈಯಲ್ಲೂ ಒಂದು ಸ್ಟಾಪ್‌ವಾಚ್ ಇದೆ, ಅದನ್ನು ಒತ್ತಿ ಒತ್ತಿ ಸೊನ್ನೆ ಮಾಡುತ್ತಿದ್ದಾರೆ.

ಕೊನೆಗೆ ಎಂಜಿನ್ ನಿಲ್ಲಿಸುತ್ತಾರೆ. ಸೀಟಿ ಊದುತ್ತಾರೆ. ಬೆಲ್ಟಿನ ಗುಂಡಿ, ಸ್ಟೀರಿಂಗ್ ಚಕ್ರ, ಎರಡು ಅಂಗೈ, ಒಂದು ಜಿಗಿತ. ಲಾವಣ್ಯ ನೆಲದ ಮೇಲಿದ್ದಾಳೆ. ಐದು ಮುಕ್ಕಾಲು ಸೆಕೆಂಡ್ ಎಂದು ತಪಾಸಣೆಯವರು ಬರೆದುಕೊಳ್ಳುತ್ತಾರೆ. ಮುನೇಶ್ ಚಪ್ಪಾಳೆ ತಟ್ಟುತ್ತಾರೆ, ಮೋಹನ್‌ಬಾಬು ಹುಡುಗಿಯ ಕೈ ಕುಲುಕುತ್ತಾರೆ. ತಮ್ಮ ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತ ತನುಜ ಸಮಯ ಕೇಳುವುದಿಲ್ಲ. ಸೀದಾ ಲಾವಣ್ಯಳ ಹತ್ತಿರ ಹೋಗಿ, ನಲವತ್ತು ನಿಮಿಷದಲ್ಲಿ ಸೀಟು ಎಲ್ಲಿ ಒತ್ತಿತು, ಬೆನ್ನಿಗೋ ಸೊಂಟಕ್ಕೋ ಎಂದು ವಿಚಾರಿಸುತ್ತಾರೆ.

ಲಾವಣ್ಯ ಹೆಲ್ಮೆಟ್ ತೆಗೆಯುತ್ತಾಳೆ.

“ಸೀಟಾ ಅಕ್ಕ? ಅದು ನೆನಪಿಗೇ ಬರ್ಲಿಲ್ಲ.”

ತನುಜ ತಲೆಯಾಡಿಸುತ್ತಾರೆ. ಗೋಡೆ ಪಕ್ಕದ ಟೈರುಗಳ ರಾಶಿಯವರೆಗೆ ನಡೆದು, ಮೇಲಿನ ಟೈರನ್ನು ಸೆರಗಿನಿಂದ ಒರೆಸಿ, ಅದರ ಮೇಲೆ ಕೂರುತ್ತಾರೆ. ಮುನೇಶ್ ಟೀ ತಂದು ಕೈಗೆ ಕೊಟ್ಟಾಗಲೂ ಏಳುವುದಿಲ್ಲ.