ದೇವಿಂದ್ರ ಕಾಕಾನ ಸೈಲೆನ್ಸರಿನ ತೂತು

ನಾನು ಮಾಡಿದ ಮೊದಲ ಪಕ್ಕಾ ರಿಪೇರಿ ಎಷ್ಟು ಚೆನ್ನಾಗಿತ್ತೆಂದರೆ, ಮಾರನೇ ದಿನವೇ ನಮ್ಮ ಅಪ್ಪ ಮತ್ತು ಕಾಕಾ ಮಾತು ಬಿಟ್ಟರು.

ಮೊದಲಿಂದ ಹೇಳುತ್ತೇನೆ.

ನನಗೆ ಎಂಜಿನ್ ಹುಚ್ಚು ಇದೆ ಅನ್ನೋದು ಈ ಅಂಕಣ ಓದುವವರಿಗೆ ಹೊಸದಲ್ಲ. ಐಟಿಐ ಓದಿಲ್ಲ, ಗ್ಯಾರೇಜಿನಲ್ಲಿ ಕಲಿತಿಲ್ಲ. ಹುಣಸಗಿಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸಂಜೆ ಊರಿಗೆ ಬಂದು ಮೊಬೈಲ್ ನೋಡಿಕೊಂಡು ಸ್ಪ್ಯಾನರ್ ಹಿಡಿಯುತ್ತೇನೆ. (ಹೆಣ್ಣುಮಕ್ಕಳು ಸ್ಪ್ಯಾನರ್ ಹಿಡಿದರೆ ಏನಾಗುತ್ತದೆ ಎಂದು ಕೇಳಿದವರಿಗೆ ಉತ್ತರ: ಕೈ ಕಪ್ಪಾಗುತ್ತದೆ. ಅಷ್ಟೇ.)

ಈ ಸಲ ನಾನು ನೋಡಿದ್ದು ಸ್ನೋಮೊಬೈಲಿನ ವಿಡಿಯೋ. ಅದು ಹಿಮದ ಮೇಲೆ ಓಡುವ ಗಾಡಿ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ಅಗಲವಾದ ಬೆಲ್ಟು. ಹೊರಗೆ ಮಾರ್ಚ್ ತಿಂಗಳ ನಮ್ಮ ಬಿಸಿಲು, ಕೈಯಲ್ಲಿನ ಮೊಬೈಲಿನಲ್ಲಿ ಮೊಣಕಾಲುದ್ದ ಹಿಮ. ಆ ಗಾಡಿಯ ಎಕ್ಸಾಸ್ಟ್, ಅಂದರೆ ಹೊಗೆ ಹೊರಗೆ ಬಿಡುವ ಪೈಪು, ಎಲ್ಲಿ ಲೀಕ್ ಆಗುತ್ತಿದೆ ಅಂತ ಹುಡುಕುವುದು ಹೇಗೆ, ಮುಚ್ಚುವುದು ಹೇಗೆ? ಉಣ್ಣೆ ಟೋಪಿ ಹಾಕಿದ ಮನುಷ್ಯನೊಬ್ಬ ಸಮಾಧಾನವಾಗಿ ತೋರಿಸುತ್ತಾನೆ. ಅವನ ಇಂಗ್ಲಿಷ್ ಅರ್ಧ ಅರ್ಥವಾಯಿತು. ಸೋಪಿನ ನೀರು ಪೂರ್ತಿ ಅರ್ಥವಾಯಿತು.

ವಿದ್ಯೆಯೇನೋ ಬಂತು. ಗಾಡಿ ಎಲ್ಲಿ? ಸುರಪುರ, ಶಹಾಪುರ, ಯಾದಗಿರಿ ಮೂರೂ ಕಡೆ ಹುಡುಕಿದರೂ ಸ್ನೋಮೊಬೈಲ್ ಇಟ್ಟವರು ಸಿಗುವುದಿಲ್ಲ. ಆದರೆ ಲೀಕ್ ಆಗುವ ಎಕ್ಸಾಸ್ಟ್‌ಗೆ ನಾನು ಅಂಗಳ ದಾಟಬೇಕಾಗಿರಲಿಲ್ಲ. ದೇವಿಂದ್ರ ಕಾಕಾನ ಬೈಕ್ ಇತ್ತಲ್ಲ.

ಕಾಕಾ ಅಂದರೆ ಅಪ್ಪನ ತಮ್ಮ. ಕಾಲುವೆಯ ಗ್ಯಾಂಗ್‌ಮನ್. ನಮ್ಮ ಉಪಕಾಲುವೆಯ ಏರಿ ಮೇಲೆ ಬೈಕಿನಲ್ಲಿ ದಿನಕ್ಕೆ ನಾಲ್ಕು ಸುತ್ತು ಹೊಡೆಯುವುದು ಅವನ ಕೆಲಸ. ನೀರು ಎಲ್ಲಿಯ ತನಕ ಮುಟ್ಟಿತು, ಯಾರು ತಮ್ಮ ಪಾಳಿ ಅಲ್ಲದಿದ್ದರೂ ಪೈಪು ಇಳಿಬಿಟ್ಟು ನೀರು ಎಳೆಯುತ್ತಿದ್ದಾರೆ, ಇದೆಲ್ಲ ನೋಡಬೇಕು. ಆ ಬೈಕಿನ ಸದ್ದು ಎಂಥದ್ದು ಅಂತೀರಿ? ಸದ್ದು ಕೇಳಿದ ಮೇಲೆ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ಚಹಾ ಸೋಸುವ ಹೊತ್ತಿಗೆ ಕಾಕಾ ಬಾಗಿಲಿಗೆ ಬರುತ್ತಿದ್ದ.

ವರ್ಷದಿಂದ ಅವನ ಬೆನ್ನು ಬಿದ್ದಿದ್ದೆ.

"ಕಾಕಾ, ಗಾಡಿ ಕೊಡು, ಸರಿ ಮಾಡ್ತೀನಿ."

"ಇರ್ಲಿ ಬಿಡವ್ವ. ಹಂಗ ಓಡ್ತದ."

"ಊರೆಲ್ಲ ನಗಾಕತ್ತದ."

"ನಗ್ಲಿ. ಅವರು ನಕ್ಕರ ನನ್ನ ಪೆಟ್ರೋಲ್ ಖರ್ಚಾಗಂಗಿಲ್ಲ."

ಸಂಕೋಚ ಅಂದುಕೊಂಡೆ. ಹೋದ ತಿಂಗಳು ಕಾಲುವೆಗೆ ನೀರು ಬಂದ್ ಆದ ನಾಲ್ಕು ದಿನ ಕಾಕಾ ಹೆಂಡತಿಯ ತವರು ಬಳಿಚಕ್ರಕ್ಕೆ ಬಸ್ಸು ಹತ್ತಿದ. ಬೈಕ್ ನಮ್ಮ ಅಂಗಳದಲ್ಲಿ. ಕೀಲಿ ಗೂಟಕ್ಕೆ. ಇನ್ನೇನು ಬೇಕು?

ಲೀಕ್ ಹುಡುಕುವುದು ಎಂಜಿನ್ ತಣ್ಣಗಿರುವಾಗ ಮಾಡುವ ಕೆಲಸ. ಬಿಸಿಯಾದ ಮೇಲೆ ಸೋಪಿನ ನೀರು ಹಾರಿಹೋಗುತ್ತದೆ, ಕೈ ಸುಡುತ್ತದೆ. ಟೋಪಿಯ ಮನುಷ್ಯ ವ್ಯಾಕ್ಯೂಮ್ ಕ್ಲೀನರನ್ನು ಉಲ್ಟಾ ಮಾಡಿ ಸೈಲೆನ್ಸರಿನೊಳಗೆ ಗಾಳಿ ಊದಿದ್ದ. ನಮ್ಮ ಮನೆಯಲ್ಲಿ ಕಸಬರಿಗೆ ಇದೆ. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಪೈಪಿಗೆಲ್ಲ ಸೋಪಿನ ನೀರು ಹಚ್ಚಿ, ಗಾಡಿ ಸ್ಟಾರ್ಟ್ ಮಾಡಿ, ಅದು ಬಿಸಿಯಾಗುವ ಮೊದಲೇ ಸೈಲೆನ್ಸರಿನ ಬಾಯಿಗೆ ತೋಯಿಸಿದ ಗೋಣಿಚೀಲ ಒತ್ತಿ ಹಿಡಿದರೆ ಒಳಗಿನ ಹೊಗೆ ಬೇರೆ ದಾರಿ ಹುಡುಕುತ್ತದೆ. ಎಲ್ಲಿ ಹೊರಗೆ ಬರುತ್ತದೋ ಅಲ್ಲಿ ಸೋಪಿನ ಗುಳ್ಳೆ ಏಳುತ್ತದೆ. ಗೋಣಿಚೀಲ ಹಿಡಿಯಲು ಅವ್ವನನ್ನು ಕರೆದೆ.

"ಗಟ್ಟಿ ಹಿಡಿಯವ್ವ."

"ಹಿಡದೀನಿ. ಅಳೂ ಕೂಸಿನ ಬಾಯಿ ಮುಚ್ಚಿದಂಗ ಆಗ್ಯದ. ನಿಮ್ಮ ಕಾಕಾ ಕೇಳಿದ್ರ ನನ್ನ ಹೆಸರ ಹೇಳಬ್ಯಾಡ ಮತ್ತ."

ಎರಡು ಕಡೆ ಗುಳ್ಳೆ ಬಂತು.

ಮೊದಲನೆಯದು ಎಂಜಿನ್ನಿಗೆ ಪೈಪು ಕೂಡುವ ಜಾಗ. ಅಲ್ಲಿ ಹೊಗೆ ಸೋರದಂತೆ ತಡೆಯುವ ಒಂದು ಗ್ಯಾಸ್ಕೆಟ್ ರಿಂಗ್ ಇರುತ್ತದೆ, ಅದು ತಿಂದುಹೋಗಿತ್ತು. ಸುತ್ತಲೂ ಮಸಿಯ ಗೆರೆ. ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು, ಒಂದು ದಿನ ಡೀಸೆಲ್ ಕುಡಿಸಿದ ಮೇಲೆ ಅಲ್ಲಾಡಿದವು. ಸುರಪುರದಿಂದ ಹೊಸ ರಿಂಗ್ ತಂದು ಹಾಕಿದೆ. ಇದು ಮಾಮೂಲಿ ಲೀಕ್.

ಎರಡನೆಯದು ಸೈಲೆನ್ಸರಿನ ಹೊಟ್ಟೆಯ ಕೆಳಗೆ. ಅಲ್ಲೊಂದು ತೂತು. ಒಳಗೆ ಕೂಡುವ ನೀರು ಇಳಿದುಹೋಗಲಿ ಅಂತ ಕಂಪನಿಯವರೇ ಸಣ್ಣ ತೂತು ಬಿಟ್ಟಿರುತ್ತಾರೆ, ನಿಜ. ಇದರಲ್ಲಿ ಮಾತ್ರ ನನ್ನ ಕಿರುಬೆರಳು ಹೋಗುತ್ತಿತ್ತು. ತುಕ್ಕು ತಿಂದದ್ದಾದರೆ ಅಂಚು ಹರಕು ಮುರುಕು ಇರಬೇಕು. ಇದು ದುಂಡಗೆ, ಕಂಪಾಸಿನಲ್ಲಿ ಬರೆದ ಹಾಗೆ. ಅದನ್ನು ನೋಡಿಯೂ ಗಣಿತದ ಟೀಚರಿಗೆ ಏನೂ ಹೊಳೆಯಲಿಲ್ಲ. ಯಾವನೋ ಮೆಕ್ಯಾನಿಕ್ ಮಾಡಿದ ಅಡ್ಡಕಸುಬು ಅಂದುಕೊಂಡು ಹುಣಸಗಿಯ ವೆಲ್ಡಿಂಗ್ ಅಂಗಡಿಗೆ ಒಯ್ದೆ.

ಅಂಗಡಿಯವನು ತೂತು ನೋಡಿದ, ನನ್ನನ್ನು ನೋಡಿದ.

"ಇದನ್ನ ಮುಚ್ಚಬೇಕೇನ್ರಿ ಟೀಚರ್?"

"ಮತ್ತ ಹೂ ಮುಡಸಬೇಕೇನು?"

"ಹಂಗಲ್ರಿ. ನಿಮ್ಮ ಕಾಕಾಗ ಕೇಳಿರೇನು?"

"ಅವಂಗ ಗೊತ್ತಿಲ್ಲ. ಸರ್‌ಪ್ರೈಸ್."

"ಆತು ಬಿಡ್ರಿ," ಅಂತ ಅವನು ಕರಿ ಕನ್ನಡಕ ಹಾಕಿಕೊಂಡ.

ಕಾಲುವೆಗೆ ನೀರು ಬಿಡುವ ಹಿಂದಿನ ಸಂಜೆ ಕಾಕಾ ಬಂದ. ಗಾಡಿ ಸ್ಟಾರ್ಟ್ ಮಾಡಿ ತೋರಿಸಿದೆ. ಹೊಲಿಗೆ ಮಷಿನ್ ಹಾಗೆ ಸಣ್ಣ ಸದ್ದು. ಕಾಕಾ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರಿನ ಕೆಳಗೆ ಬೆರಳಾಡಿಸಿದ.

"ಮುಚ್ಚಿಬಿಟ್ಟಿ?"

"ಪಕ್ಕಾ. ಇನ್ನ ಹತ್ತು ವರ್ಷ ಏನೂ ಆಗಂಗಿಲ್ಲ."

"ಚಂದ ಮಾಡೀದಿ," ಅಂದ. ಚಹಾ ಕುಡಿಯದೆ ಹೋದ. ಖುಷಿಗೆ ಮಾತು ಹೊರಡಲಿಲ್ಲ ಅಂತ ನಾನು ಅವ್ವನಿಗೆ ಹೇಳಿದೆ. (ಎಷ್ಟು ಜಾಣೆ ನೋಡಿ.)

ಮಾರನೇ ದಿನ ಭಾನುವಾರ. ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋಗಿದ್ದೆ. ನಮ್ಮ ಹೊಲ ಕಾಲುವೆಯ ಮೇಲ್ಭಾಗದಲ್ಲಿದೆ. ನೀರು ಮೊದಲು ನಮ್ಮನ್ನು ದಾಟಿ ಮುಂದೆ ಹೋಗಬೇಕು. ಅವತ್ತು ನಮ್ಮ ಪಾಳಿ ಅಲ್ಲ. ಆದರೂ ಕರಿ ಪೈಪೊಂದು ಏರಿ ಹತ್ತಿ ಕಾಲುವೆಯಲ್ಲಿ ಮೂತಿ ಇಟ್ಟಿತ್ತು. ಅಪ್ಪ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ.

ಹಿಂದೆ ಬೈಕ್ ಬಂದು ನಿಂತದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಕಾಕಾ ಒಬ್ಬನೇ ಬಂದಿದ್ದರೆ ಮಾತು ಬೇರೆ ಆಗುತ್ತಿತ್ತು. ಹಿಂದಿನ ಸೀಟಿನಲ್ಲಿ ನಿಂಗಮ್ಮ ಇದ್ದಳು. ಅವಳ ಹೊಲ ಕಾಲುವೆಯ ಕೊನೆಯಲ್ಲಿದೆ. ಭತ್ತದ ಕಾಳಿನಲ್ಲಿ ಹಾಲು ತುಂಬುವ ಹೊತ್ತು. ಈ ವರ್ಷಕ್ಕೆ ಇದೇ ಕೊನೆಯ ಪಾಳಿ. ಇದು ತಪ್ಪಿದರೆ ತೆನೆ ಜೊಳ್ಳು. ನೀರು ಯಾಕೆ ಬರುತ್ತಿಲ್ಲ ಎಂದು ಕಣ್ಣಾರೆ ನೋಡುತ್ತೇನೆ ಅಂತ ಹಟ ಹಿಡಿದು ಬೈಕ್ ಹತ್ತಿದ್ದಳು.

ಅಪ್ಪ ಎದ್ದು ನಿಂತ. ತಮ್ಮನನ್ನು ನೋಡಿ ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಲೇ ದೇವ್ಯಾ, ಸದ್ದ ಮಾಡಿ ಬರಬೇಕಿಲ್ಲೇನೋ?"

ನಿಂಗಮ್ಮ ಗಾಡಿ ಇಳಿದಳು. "ಯಾಕ್ರಿ ಯಜಮಾನ್ರ, ಹಲಗಿ ಬಾರಿಸ್ಕೋತ ಬರಬೇಕಿತ್ತೇನು?"

ಕಾಕಾ ಗಾಡಿಗೆ ಸ್ಟ್ಯಾಂಡ್ ಹಾಕಿದ. ಅವಳು ನೋಡುತ್ತಿದ್ದಾಳೆ, ಬಿಡುವ ಹಾಗಿಲ್ಲ. ಪೈಪು ಎಳೆದು, ಸುತ್ತಿ, ಹೆಗಲಿಗೆ ಹಾಕಿಕೊಂಡ. ಆಫೀಸಿಗೆ ಒಪ್ಪಿಸಬೇಕು. ಪೈಪಿನ ಒಂದು ತುದಿಯನ್ನು ಅಪ್ಪ ಹಿಡಿದುಕೊಂಡ. ಇಬ್ಬರೂ ಎಳೆದರು. ಅರವತ್ತರ ಅಣ್ಣ, ಐವತ್ತೈದರ ತಮ್ಮ, ನಡುವೆ ಪೈಪು.

"ಒಂದ ತಾಯಿ ಹಾಲ ಕುಡದೀವಿ. ನನ್ನ ಪೈಪ್ ಒಯ್ತೀ?"

"ಬಿಡಣ್ಣ. ಮಂದಿ ನೋಡಾಕತ್ತಾರ."

ಅಪ್ಪ ಬಿಟ್ಟ. ಮಾತನ್ನೂ ಬಿಟ್ಟ. ನಾನು ಬುತ್ತಿ ಬಿಚ್ಚಲಿಲ್ಲ.

ನನ್ನ ಲೆಕ್ಕದಲ್ಲಿ ಇದು ನ್ಯಾಯವಾಗಿಯೇ ಇತ್ತು. ನನ್ನ ರಿಪೇರಿಯಿಂದ ಕಳ್ಳ ಸಿಕ್ಕ. ಕಳ್ಳ ನಮ್ಮಪ್ಪ ಅನ್ನೋದು ಬೇರೆ ಮಾತು. ಇನ್ನು ನೀರು ಸರಾಗವಾಗಿ ಮುಂದಕ್ಕೆ ಹೋಗಬೇಕಲ್ಲ?

ಹೋಗಲಿಲ್ಲ. ಗುರುವಾರ, ಶಾಲೆಗೆ ರಜೆ ಇದ್ದ ದಿನ, ನಿಂಗಮ್ಮ ನಮ್ಮ ಮನೆಗೆ ಬಂದಳು. ಅಪ್ಪನ ಜೊತೆ ಜಗಳಕ್ಕಲ್ಲ.

"ಗಾಡಿ ರಿಪೇರಿ ಮಾಡ್ದಾಕಿ ಎಲ್ಲಿ?"

ನಾನು ಹೊರಗೆ ಬಂದೆ.

"ತಂಗಿ, ಮೊದ್ಲ ಆ ಗಾಡಿ ಸದ್ದ ಕೇಳಿ ಒಂದ ತಾಸಿಗೆ ನಮ್ಮ ಹೊಲಕ್ಕ ನೀರ ಬರ್ತಿದ್ವು. ಈಗ ಸದ್ದೂ ಇಲ್ಲ, ನೀರೂ ಇಲ್ಲ. ಏನ್ ಮಾಡೀದಿ ಅದಕ್ಕ?"

ಅಪ್ಪ ಹೊಲಕ್ಕೆ ಹೋದದ್ದು ನೋಡಿ ಕಾಕಾ ನಮ್ಮ ಕಟ್ಟೆಯ ಮೇಲೆ ಬಂದು ಕೂತಿದ್ದ. ನಾನು ಅವನ ಮುಖ ನೋಡಿದೆ. ಆಗ ಹೇಳಿದ, ಒತ್ತಾಯಕ್ಕೆ.

ಆ ತೂತು ಅವನೇ ಕೊರೆಸಿದ್ದು. ಹುಣಸಗಿಯ ಅದೇ ವೆಲ್ಡಿಂಗ್ ಅಂಗಡಿಯಲ್ಲಿ.

"ನೋಡವ್ವ, ನಾ ಒಬ್ಬಾಂವ. ಪೈಪ್ ಎಷ್ಟ್ ಅದಾವ? ಎಲ್ಲಾರ್ನೂ ಹಿಡಿಯಾಕ ಆಗಂಗಿಲ್ಲ. ದೂರದಿಂದ ಸದ್ದ ಕೇಳಿದ್ರ ಅವರಾಗೇ ತಗೀತಾರ. ನಾ ದಾಟಿ ಹೋದ ಮ್ಯಾಲ ತಿರುಗಿ ಹಾಕ್ತಾರ, ಖರೆ. ಅಷ್ಟರಾಗ ಒಂದ್ ತಾಸ ನೀರ ಮುಂದ ಹೋಗಿರ್ತಾವ. ನಾಕ್ ಸುತ್ತಿಗೆ ನಾಕ್ ತಾಸ. ಅಷ್ಟ ಸಾಕಿತ್ತು ಕೊನೀ ಹೊಲಕ್ಕ."

"ಈಗ?"

"ಈಗ ದಿನಕ್ಕ ಇಬ್ಬರನ್ನ ಹಿಡೀತೀನಿ. ಉಳದಾವ್ರು ಪೈಪ್ ಮ್ಯಾಲ ಹುಲ್ಲ ಹಾಕ್ಯಾರ. ಯಾವಾಗ ಬರ್ತೀನಿ ಗೊತ್ತಾಗಂಗಿಲ್ಲ ನೋಡು, ತಗಿಯೂದೇ ಬಿಟ್ಟಾರ."

ನಾನು ಸೋಲುವವಳಲ್ಲ. "ಹಂಗಾದ್ರ ಹಾರ್ನ್ ಹೊಡಿ."

ಕಾಕಾ ನನ್ನನ್ನು ಮೂರನೇ ಕ್ಲಾಸಿನ ಮಗುವನ್ನು ನೋಡಿದ ಹಾಗೆ ನೋಡಿದ. "ಖಾಲಿ ಏರಿ ಮ್ಯಾಲ ಹಾರ್ನ್ ಹೊಡದ್ರ ಏನಂತಾರ? ಗ್ಯಾಂಗ್‌ಮನ್ ಕಳ್ಳರಿಗೆ ಸುದ್ದಿ ಕೊಡ್ತಾನ ಅಂತಾರ. ನೌಕರಿ ಹೋಗ್ತದ. ಸೈಲೆನ್ಸರ್ ಕೆಟ್ರ ಯಾರ ಏನಂತಾರ? ಪಾಪ, ಬಡವ ಅಂತಾರ."

ಇದನ್ನು ನನ್ನ ಟೋಪಿಯ ಮನುಷ್ಯ ಹೇಳಿಕೊಟ್ಟಿರಲಿಲ್ಲ. ಹಿಮದ ಮೇಲೆ ಯಾರು ಪೈಪು ಹಾಕುತ್ತಾರೆ?

ಅವತ್ತೇ ಮಧ್ಯಾಹ್ನ ವೆಲ್ಡಿಂಗ್ ಅಂಗಡಿಯಿಂದ ಬ್ಯಾಟರಿ ಡ್ರಿಲ್ ತಂದೆ. (ಅವನು ಏನೂ ಕೇಳಲಿಲ್ಲ. ನಕ್ಕ.) ಎಂಜಿನ್ ಹತ್ತಿರದ ರಿಂಗನ್ನು ಮುಟ್ಟಲಿಲ್ಲ. ಆ ಲೀಕಿನಿಂದ ಕಾಕಾನ ಮೊಣಕಾಲ ಕೆಳಗೆ ಸುಡುತ್ತಿತ್ತು, ನೀರಿಗೆ ಅದರಿಂದ ಉಪಯೋಗವಿರಲಿಲ್ಲ. ಕೆಳಗಿನ ತೂತು ಮಾತ್ರ. ಕಾಲುವೆಯ ತಿರುವಿನ ಹತ್ತಿರ ಬೈಕ್ ನಿಲ್ಲಿಸಿ, ಸಣ್ಣ ಬಿಟ್ ಹಾಕಿ ಕೊರೆದೆ. ಕಾಕಾ ಆಕ್ಸಿಲರೇಟರ್ ತಿರುವಿದ. ಸದ್ದು ಎಷ್ಟು ದೂರ ಹೋಗುತ್ತದೆ ಅಂತ ಹೇಳುವವರು ಯಾರು? ಹೊಲದಲ್ಲಿದ್ದ ಅಪ್ಪನಿಗೆ ಫೋನ್ ಹಚ್ಚಿದೆ.

"ಅಪ್ಪ, ಗಾಡಿ ಸದ್ದ ಕೇಳಾಕತ್ತದೇನು?"

"ಯಾರ ಗಾಡಿ?"

"ಕಾಕಾಂದು."

"ಅವನ ಸುದ್ದಿ ನನಗ್ಯಾಕ?"

"ಕೇಳ್ತದೋ ಇಲ್ಲೋ, ಅಷ್ಟ ಹೇಳು."

"ಇಲ್ಲ."

"ಏನಂತಾನ?" ಕಾಕಾ ಕೇಳಿದ.

"ಕೇಳಂಗಿಲ್ಲಂತ."

"ಅವನ ಕಿವಿ ಮೊದ್ಲಿಂದ ಮಂದ. ಜರಾ ದೊಡ್ಡದ ಮಾಡು."

ಅದಕ್ಕಿಂತ ದಪ್ಪ ಬಿಟ್ ಹಾಕಿದೆ. ಮತ್ತೆ ಫೋನ್.

"ಹ್ಞಾಂ, ಈಗ ಕೇಳ್ತದ. ಆದ್ರ ಇದು ಸೀಟಿ ಹೊಡದಂಗ ಅದ. ಮೊದ್ಲ ಹಿಂಗ ಇರ್ಲಿಲ್ಲ. ಗಡಗಡ ಅಂತಿತ್ತು," ಅಂದ ಅಪ್ಪ. ಆಮೇಲೆ, ತಾನಾಗಿಯೇ, "ಅಂಚು ಸಾಪ್ ಮಾಡು ಅನ್ನು. ಚೂರು ಉಳದಿರಬೇಕು."

ನಮ್ಮಪ್ಪ ಯಾವತ್ತೂ ಸ್ಪ್ಯಾನರ್ ಹಿಡಿದವನಲ್ಲ. ಆದರೆ ಆ ಸದ್ದನ್ನು ಅವನಷ್ಟು ಗಮನವಿಟ್ಟು ಕೇಳಿದವರು ತಾಲೂಕಿನಲ್ಲಿ ಯಾರಿದ್ದಾರೆ? ಅಂಚು ಉಜ್ಜಿ, ಇನ್ನೊಂದು ಸುತ್ತು ಕೊರೆದೆ. ಮೂರನೇ ಸಲ ಅಪ್ಪ "ಬರಾಬರ್" ಅಂದ. ಹಿಂದೆಯೇ ಫೋನಿನಲ್ಲಿ ಏನನ್ನೋ ದರದರ ಎಳೆಯುವ ಸದ್ದು. ಆಫೀಸಿಗೆ ಹೋಗಿದ್ದು ಒಂದೇ ಪೈಪು, ಇನ್ನೊಂದು ಇತ್ತು ಅಂತ ನನಗೆ ಗೊತ್ತಾದದ್ದು ಆವಾಗ.

ಕಾಕಾ ಸುತ್ತಿಗೆ ಹೊರಟ. ನಾನು ಹಿಂದೆ ಕೂತೆ. ಗಡಗಡ ಸದ್ದು ಮುಂದೆ ಮುಂದೆ, ನಾವು ಹಿಂದೆ ಹಿಂದೆ. ದೂರದಲ್ಲಿ ಏರಿ ಮೇಲೆ ಮಂದಿ ಬಗ್ಗುವುದು, ಏನನ್ನೋ ಎಳೆಯುವುದು ಕಾಣುತ್ತಿತ್ತು. ನಾವು ಹತ್ತಿರ ಹೋಗುವ ಹೊತ್ತಿಗೆ ಎಲ್ಲರೂ ಕೈ ಕಟ್ಟಿಕೊಂಡು ನಿಂತವರೇ. "ಆರಾಮೇನ್ರಿ ದೇವಿಂದ್ರಪ್ಪ?" ಅನ್ನುವವರೇ. ಕಾಕಾ ಎಲ್ಲರಿಗೂ "ಆರಾಮ್" ಅಂದ.

ಕೊನೆಯ ಹೊಲ ಮುಟ್ಟಿ ಕಾದೆವು. ಒಂದು ತಾಸು ಆಯಿತು. ಮೊದಲು ಒಣ ಎಲೆ ತೇಲಿ ಬಂತು, ಹಿಂದೆ ಕೆಂಪು ನೊರೆ, ಆಮೇಲೆ ನೀರು. ನಿಂಗಮ್ಮ ಗುದ್ದಲಿಯಿಂದ ಬದುವಿನ ಮಡೆ ತೆಗೆದು ನೀರಿಗೆ ದಾರಿ ಮಾಡಿದಳು. ನೀರು ಭತ್ತದ ಬುಡಕ್ಕೆ ಹೋಯಿತು.

ನಾನು ಸುಮ್ಮನಿರಬೇಕಿತ್ತು. ಉತ್ಸಾಹ ತಡೆಯಲಿಲ್ಲ. ತೂತಿನ ಅಳತೆ, ಸದ್ದಿನ ದೂರ, ಪೈಪು ತೆಗೆಯಲು ಬೇಕಾಗುವ ಹೊತ್ತು, ಎಲ್ಲವನ್ನೂ ಅವಳಿಗೆ ವಿವರಿಸಿದೆ. ಪಾಳಿ ಮುಗಿಯಲು ಇನ್ನೂ ಐದು ದಿನ ಇದೆ, ಭತ್ತ ಉಳಿಯುತ್ತದೆ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಗುದ್ದಲಿಯ ಕೆಸರನ್ನು ಕಾಲಿನಿಂದ ಒರೆಸಿದಳು.

"ಎಲ್ಲಾ ಖರೆ ಅದವ್ವ. ನಿಮ್ಮ ಕಾಕಾ ಜ್ವರ ಬಂದು ಮಲಗಿದ ದಿನ ನಮ್ಮ ನೀರ ಯಾರ ತರ್ತಾರ?"